ಗೊತ್ತಿಲ್ಲ ಅಂದ ಶನಿವಾರ

ಸಂಕ್ರಾಂತಿ ಕಳೆದ ವಾರ ಹಾರೋಹಳ್ಳಿಯ ಕಾರ್ಖಾನೆಯವರು ಮುನಿರಾಮಯ್ಯನಿಗೆ ಶಾಲು ಹೊದಿಸಿ, ಹಾರ ಹಾಕಿ, 'ವರ್ಷದ ಶ್ರೇಷ್ಠ ಕಾರ್ಮಿಕ' ಎಂದು ಚಪ್ಪಾಳೆ ತಟ್ಟಿದರು. ಯುಗಾದಿ ಇನ್ನೂ ಬಂದಿರಲಿಲ್ಲ, ಅದೇ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯವನು ಅವನನ್ನು ತಡೆದು, "ಒಳಕ್ ಬುಡಬ್ಯಾಡ ಅಂದವ್ರೆ ಸಾರ್, ನನ್ ಮ್ಯಾಲೆ ಕ್ವಾಪ ಮಾಡ್ಕಬ್ಯಾಡಿ" ಎಂದ. ಅಮೆರಿಕದಲ್ಲೆಲ್ಲೋ ಬ್ಯಾಂಕುಗಳು ಮುಳುಗಿದ ಮರುವರ್ಷ ಅದು. ಲಾರಿಗಳ ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದ ಆ ಕಾರ್ಖಾನೆಗೆ ಆರ್ಡರು ನಿಂತುಹೋಗಿ, ಅರ್ಧಕ್ಕರ್ಧ ಜನ ಮನೆ ಸೇರಿದರು.

ಕನಕಪುರದ ಪಕ್ಕದ ಹಳ್ಳಿಯಲ್ಲಿ ಅವನನ್ನು ಎಲ್ಲರೂ 'ಫ್ಯಾಕ್ಟ್ರಿ ಮುನಿರಾಮಣ್ಣ' ಅನ್ನುತ್ತಿದ್ದರು. ಇದ್ದ ಹೊಲವನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಮುನಿರಾಮಯ್ಯ ಐಟಿಐ ಓದಿ, ಹೆಲ್ಪರ್ ಆಗಿ ಸೇರಿ, ಸೂಪರ್‌ವೈಸರ್ ಆಗಿದ್ದವನು. ಇಸ್ತ್ರಿ ಮಾಡಿದ ನೀಲಿ ಅಂಗಿ, ಜೇಬಿಗೆ ಪೆನ್ನು. ಬಸ್ಸಿಗೆ ಕಾಯುತ್ತಾ ನಿಂತರೆ ಕೂಲಿಗೆ ಹೊರಟವರು ಒಂದು ಮಾರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅದು ಅವನಿಗೆ ಇಷ್ಟವಾಗುತ್ತಿತ್ತು.

ಕೆಲಸ ಹೋದದ್ದನ್ನು ಹೆಂಡತಿ ಕಾವೇರಮ್ಮನಿಗೆ ಹೇಳಿದ. ಊರಿಗೆ ಹೇಳಲಿಲ್ಲ. ಮಗಳು ಪುಷ್ಪಲತಳಿಗೆ ಗಂಡು ನೋಡುತ್ತಿದ್ದ ಸಮಯ. "ಬ್ಯಾರೆ ಕಂಪ್ನಿಗೆ ಸೇರ್ತೀನಿ, ಅಲ್ಲೀಗಂಟ ಯಾರ್ ಮುಂದೇನೂ ಬಾಯ್ ಬುಡಬ್ಯಾಡ" ಎಂದ. ಆದರೆ ಬೇರೆ ಕಂಪನಿ ಎಲ್ಲಿತ್ತು? ಹಾರೋಹಳ್ಳಿಯ ಯಾವ ಗೇಟಿಗೆ ಹೋದರೂ ಮುಂದೆ ಜನವೋ ಜನ. ಪ್ಲಾಸ್ಟಿಕ್ ಫೈಲು ಹಿಡಿದ ಐಟಿಐ ಹುಡುಗರು, ಕೂದಲು ನರೆತ ವೆಲ್ಡರುಗಳು, ಕೂಸನ್ನು ಸೊಂಟಕ್ಕಿಟ್ಟುಕೊಂಡ ಹೆಂಗಸರು. ವಾಚ್‌ಮನ್ ಬೇಕೆಂದು ಬೋರ್ಡು ಹಾಕಿದ ಕಡೆಯೂ ಡಿಗ್ರಿ ಮಾಡಿದವರು ಸಾಲುಗಟ್ಟಿದ್ದರು. ಎರಡು ತಿಂಗಳು ಹೀಗೆ ಸುತ್ತಿದ ಮೇಲೆ ಮುನಿರಾಮಯ್ಯನ ನೀಲಿ ಅಂಗಿಯ ಕಾಲರು ಸವೆದು ನೂಲು ಎದ್ದಿತು.

ಕೊನೆಗೆ ಕೈ ಹಿಡಿದವನು ಖಲಂದರ್. ಕಾರ್ಖಾನೆಯಲ್ಲಿ ಮುನಿರಾಮಯ್ಯನ ಕೈಕೆಳಗೆ ಹೆಲ್ಪರ್ ಆಗಿದ್ದು, ಅವನ ಜೊತೆಗೇ ಕೆಲಸ ಕಳೆದುಕೊಂಡಿದ್ದವನು. ರಾಮನಗರದಲ್ಲಿ ಅವನ ದೊಡ್ಡಪ್ಪ ಸನಾವುಲ್ಲಾ ಸಾಬರದ್ದು ರೇಷ್ಮೆ ನೂಲು ತೆಗೆಯುವ ಸಣ್ಣ ಯೂನಿಟ್ಟು.

"ನಾನೂ ಅಲ್ಲೇ ಸೇರ್ಕಂಡಿವ್ನಿ ಅಣ್ಣಾ. ಗೂಡು ಬೇಯ್ಸೋ ಕೆಲ್ಸ ಒಂದೈತೆ. ನಿಮ್ಗೆ ಹೇಳಾಕೆ ನಂಗೇ ನಾಚ್ಕೆ. ಆದ್ರೂ ಸುಮ್ನೆ ಕೂರೋಕಿಂತ..." ಎಂದು ಖಲಂದರ್ ಮಾತು ನುಂಗಿದ.

ಮುನಿರಾಮಯ್ಯ ಒಂದು ದಿನ ಯೋಚಿಸಿದ. ಮಾರನೇ ದಿನ ಹೆಂಡತಿಗೆ, "ರಾಮನಗರದ ಸಿಲ್ಕ್ ಮಿಲ್ಲಲ್ಲಿ ಮೆಷಿನ್ ನೋಡ್ಕಳೋ ಕೆಲ್ಸ ಸಿಕ್ತು" ಎಂದು ಹೇಳಿ ಬಸ್ಸು ಹತ್ತಿದ.

ಅಲ್ಲಿ ಮಿಲ್ಲೂ ಇರಲಿಲ್ಲ, ನೋಡಿಕೊಳ್ಳುವ ಮೆಷಿನ್ನೂ ಇರಲಿಲ್ಲ. ಕಲ್ನಾರಿನ ಶೀಟು ಹೊದಿಸಿದ ಉದ್ದನೆಯ ಕೋಣೆ. ಒಳಗೆ ಹಬೆ. ಕುದಿಯುವ ನೀರಿಗೆ ರೇಷ್ಮೆಗೂಡು ಸುರಿದು, ಹದವಾಗಿ ಬೆಂದ ಮೇಲೆ ನೂಲು ಬಿಚ್ಚುವ ಹೆಂಗಸರ ಬಾಣಲೆಗಳಿಗೆ ಹಂಚಬೇಕು. ಅವರು ಬಿಸಿನೀರಿಗೆ ಬೆರಳಿಟ್ಟು ಎಳೆ ಹಿಡಿದು ರಾಟೆಗೆ ಕೊಡುತ್ತಾರೆ. ಬೆಂದ ಹುಳದ ವಾಸನೆ ಮೊದಲ ದಿನವೇ ಮೂಗಿನಲ್ಲಿ ಮನೆ ಮಾಡಿತು. ಮಧ್ಯಾಹ್ನ ಮುನಿರಾಮಯ್ಯ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ.

ಆಗ ಬಂದು ಬೆನ್ನು ಸವರಿದವಳು ದೊಡ್ಡಲಕ್ಷ್ಮಮ್ಮ. ಐವತ್ತರ ಹತ್ತಿರದ ಹೆಂಗಸು, ಆ ಯೂನಿಟ್ಟಿನಲ್ಲಿ ಎಲ್ಲರಿಗಿಂತ ಹಳಬಳು. ಅವಳ ಎರಡೂ ಕೈಗಳ ಬೆರಳುಗಳು ನೀರಿನಲ್ಲಿ ಬೆಂದು ಬೆಂದು ಬಿಳುಪೇರಿ, ತುದಿಯಲ್ಲಿ ಬಿರುಕು ಬಿಟ್ಟಿದ್ದವು.

"ಮೊದಮೊದ್ಲು ಎಲ್ಲಾರ್ಗೂ ಹಿಂಗೇಯ ಕಣಣ್ಣ. ನಂಗೂ ಹಿಂಗೇ ಆಗಿತ್ತು. ಒಸಿ ಮಜ್ಜಿಗೆ ಕುಡಿ" ಎಂದು ತನ್ನ ಡಬ್ಬಿಯ ಮುಚ್ಚಳಕ್ಕೆ ಮಜ್ಜಿಗೆ ಬಗ್ಗಿಸಿ ಕೊಟ್ಟಳು.

ಅಂದಿನಿಂದ ಊಟದ ಹೊತ್ತಿಗೆ ಅವಳು, "ಬಾರಣ್ಣ, ಒಬ್ನೇ ಯಾಕ್ ಕೂತಿದ್ದೀಯ" ಎಂದು ಕರೆಯುವಳು. ತಂದ ಮುದ್ದೆಯಲ್ಲಿ ಅರ್ಧ ಮುರಿದು ಅವನ ಕಡೆ ಇಡುವಳು. ಗೂಡು ಹೆಚ್ಚು ಬೆಂದು ಎಳೆ ತುಂಡಾದಾಗ ಸಾಬರು ಕೂಗಾಡಿದರೆ, "ಹೊಸಬ್ರು ಸಾಬ್ರೇ, ಕಲೀತಾರೆ" ಎಂದು ಅಡ್ಡ ನಿಲ್ಲುವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಇಬ್ಬರು ಹೆಣ್ಣುಮಕ್ಕಳನ್ನು ಈ ಬಾಣಲೆಯ ಮುಂದೆ ಕೂತೇ ದಡ ಸೇರಿಸಿದ್ದಳು.

ಮುನಿರಾಮಯ್ಯ ಅವಳ ಮುದ್ದೆ ತಿನ್ನುತ್ತಿದ್ದ. ಅವಳ ಮಾತಿಗೆ ನಗುತ್ತಿದ್ದ. ಆದರೆ ಸಂಜೆ ಬೀದಿಗೆ ಬಂದ ಕೂಡಲೇ ಅವಳಿಂದ ನಾಲ್ಕು ಹೆಜ್ಜೆ ಹಿಂದೆ ಉಳಿಯುತ್ತಿದ್ದ. ಬಸ್‌ಸ್ಟ್ಯಾಂಡಿನ ಕೊಳಾಯಿಯಲ್ಲಿ ಕೈಗೆ ಸೋಪು ಉಜ್ಜಿ, ಚೀಲದಲ್ಲಿದ್ದ ನೀಲಿ ಅಂಗಿ ತೊಟ್ಟು ಊರಿನ ಬಸ್ಸು ಹತ್ತುತ್ತಿದ್ದ.

ಶ್ರಾವಣದಲ್ಲಿ ಪುಷ್ಪಲತಳಿಗೆ ಒಂದು ಸಂಬಂಧ ಕೂಡಿಬಂತು. ಗಂಡಿನ ತಂದೆ ಮಾಗಡಿ ತಾಲೂಕಿನ ಕೆಂಪಾಪುರದ ಬೋರಲಿಂಗಯ್ಯ. ಒಳ್ಳೆ ಜಮೀನು, ಹುಡುಗ ಮಾಗಡಿಯ ಸೊಸೈಟಿಯಲ್ಲಿ ಗುಮಾಸ್ತ. ಹುಡುಗಿಯನ್ನು ಮನೆಯಲ್ಲಿ ನೋಡುವುದಕ್ಕೆ ಮುಂಚೆ, ಎರಡೂ ಕಡೆಯವರು ಶನಿವಾರ ಕೆಂಗಲ್ ಆಂಜನೇಯನ ಸನ್ನಿಧಿಯಲ್ಲಿ ಸೇರುವುದೆಂದು ಮಾತಾಯಿತು.

ಅಂದು ದೇವಸ್ಥಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜೆ ಮುಗಿಸಿ, ಹೊರಗೆ ಮರದ ನೆರಳಲ್ಲಿ ಜಮಖಾನ ಹಾಸಿ ಕೂತರು. ಬೋರಲಿಂಗಯ್ಯನ ಹೆಂಡತಿ ಮಾತಿನ ಮಲ್ಲಿ. ಕಾವೇರಮ್ಮ ತಂದಿದ್ದ ಪುಳಿಯೋಗರೆಯನ್ನು ಹೊಗಳಿ, ಹುಡುಗಿಯ ಜಡೆ ನೋಡಿ ಮೆಚ್ಚಿದಳು.

"ನಿಮ್ದು ಈಗ ಎಲ್ಲಿ ಕೆಲ್ಸ?" ಎಂದು ಬೋರಲಿಂಗಯ್ಯ ಕೇಳಿದ.

"ರಾಮನಗರದಲ್ಲಿ. ಸಿಲ್ಕ್ ಮಿಲ್ಲು. ಸೂಪರ್‌ವೈಸರ್ರು" ಎಂದ ಮುನಿರಾಮಯ್ಯ. ಕಾವೇರಮ್ಮನಿಗೂ ಹೇಳಿರದ ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಜಾರಿತು.

ಅದೇ ಹೊತ್ತಿಗೆ ಜನರ ನಡುವಿನಿಂದ ಒಂದು ದನಿ ಬಂತು. "ಅಯ್ಯೋ! ಮುನಿರಾಮಣ್ಣ!"

ದೊಡ್ಡಲಕ್ಷ್ಮಮ್ಮ. ತೊಳೆದ ಹಸಿರು ಸೀರೆ, ಮುಡಿಗೆ ಕನಕಾಂಬರ, ಹಣೆಗೆ ಆಂಜನೇಯನ ಸಿಂಧೂರ. ಮುಖವೆಲ್ಲಾ ನಗೆಯಾಗಿ ಬಂದಳು. ಕೈಯಲ್ಲಿ ಎಲೆಯ ಮೇಲೆ ಪ್ರಸಾದ. "ಮಗಳೇನಣ್ಣ ಇವ್ಳು? ಲಕ್ಷ್ಮಿ ಇದ್ದಂಗವ್ಳೆ. ತಗಳವ್ವ, ಪ್ರಸಾದ" ಎಂದು ಪುಷ್ಪಲತಳ ಕಡೆ ಕೈ ಚಾಚಿದಳು. ಬಿಳುಚಿದ, ಬಿರುಕು ಬಿಟ್ಟ ಆ ಬೆರಳುಗಳು ಎಲ್ಲರ ಮುಂದೆ ಬಂದು ನಿಂತವು.

ಮುನಿರಾಮಯ್ಯ ಜಮಖಾನದ ಮೇಲೆ ಹಿಂದಕ್ಕೆ ಸರಿದ.

"ಯಾರಮ್ಮಾ ನೀನು?" ಎಂದ. "ನಂಗ್ ಗೊತ್ತಿಲ್ವಲ್ಲ. ಇನ್ಯಾರ್ನೋ ಅನ್ಕಂಡಿದ್ದೀಯ."

ದೊಡ್ಡಲಕ್ಷ್ಮಮ್ಮ ಅವನ ಮುಖ ನೋಡಿದಳು. ಕಾವೇರಮ್ಮನನ್ನು, ಬಂದಿದ್ದ ಬೀಗರನ್ನು, ಜಮಖಾನದ ಮೇಲಿದ್ದ ಹೂವು ಹಣ್ಣುಗಳನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾದದ್ದು ಅವನಿಗೆ ಕಾಣಿಸಿತು.

"ಹೂಂ ಸ್ವಾಮಿ, ತಪ್ಪಾಯ್ತು" ಎಂದಳು. "ನಮ್ ಕಡೇರು ಒಬ್ರವ್ರೆ, ಥೇಟ್ ನಿಮ್ಮಂಗೇ. ದೂರದಿಂದ ಗುರ್ತು ಸಿಕ್ನಿಲ್ಲ. ಏನೂ ತಿಳ್ಕಬ್ಯಾಡಿ." ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಜನರೊಳಗೆ ಕರಗಿ ಹೋದಳು.

"ಗೂಡು ಬೇಯ್ಸೋ ಪೈಕಿ ಅಂತ ಕಾಣ್ತದೆ" ಎಂದು ಬೋರಲಿಂಗಯ್ಯನ ಹೆಂಡತಿ ಮೂಗಿಗೆ ಸೆರಗು ಹಿಡಿದಳು. "ಯಾವ ಸೋಪು ಹಾಕುದ್ರೂ ಆ ವಾಸ್ನೆ ಹೋಗಕಿಲ್ಲ."

ಮುನಿರಾಮಯ್ಯ ನಕ್ಕ. ಹೌದೆನ್ನುವಂತೆ ತಲೆಯನ್ನೂ ಆಡಿಸಿದ.

ಬೀಗರು ಖುಷಿಯಾಗಿ ಹೊರಟರು. ಬಸ್ಸಿನಲ್ಲಿ ಕಾವೇರಮ್ಮ ಕಿಟಕಿಯ ಪಕ್ಕ ತೂಕಡಿಸುತ್ತಿದ್ದಾಗ ಪುಷ್ಪಲತ ಅಪ್ಪನ ಕಡೆ ತಿರುಗದೆ, ಮುಂದಿನ ಸೀಟು ನೋಡುತ್ತಾ ಹೇಳಿದಳು. "ಅಪ್ಪ, ಆಯಮ್ಮನ ಮೈಮ್ಯಾಲಿದ್ದಿದ್ದು ನಿನ್ ಬಟ್ಟೆ ವಾಸ್ನೇನೇ. ದಿನಾ ಒಗೆಯೋಳು ನಾನು. ನಂಗೂ ಅವ್ವಂಗೂ ಎಂದೋ ಗೊತ್ತು."

ಅವನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಸುಳ್ಳು ಬಯಲಾದದ್ದಕ್ಕಲ್ಲ. ಇಷ್ಟು ದಿನ ಮಾಡುವ ಕೆಲಸಕ್ಕೆ ನಾಚುತ್ತಿದ್ದವನು, ಈಗ ತಾನು ನಾಚಿದ್ದಕ್ಕೇ ನಾಚಿ ಮುದುಡಿ ಕೂತ. ಅವನ ಮಾನ ಕಾಪಾಡುವುದಕ್ಕೆ ದೇವಸ್ಥಾನದ ಮುಂದೆ ಸುಳ್ಳು ಹೇಳಿದವಳು, ಅವನೇ ಗೊತ್ತಿಲ್ಲ ಅಂದಿದ್ದ ಆ ಹೆಂಗಸು.

ಸೋಮವಾರ ಅವನು ಯೂನಿಟ್ಟಿಗೆ ಹೋದಾಗ ಯಾರೂ ಏನೂ ಅನ್ನಲಿಲ್ಲ. ದೊಡ್ಡಲಕ್ಷ್ಮಮ್ಮ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಅವಳು ಬೈದಿದ್ದರೆ, ಮುಖ ತಿರುಗಿಸಿದ್ದರೆ, ಅವನಿಗೊಂದು ದಾರಿ ಇರುತ್ತಿತ್ತು. ಅವಳು ತಲೆ ತಗ್ಗಿಸಿ ಎಳೆ ಹಿಡಿಯುತ್ತಾ, "ಗೂಡು ಇಲ್ಲಿಗ್ ಒಸಿ ಹಾಕಿ ಸ್ವಾಮಿ" ಎಂದಳು.

ಸ್ವಾಮಿ. ಹಾಕಿ. ಕುದಿಯುವ ನೀರು ಕಾಲ ಮೇಲೆ ಬಿದ್ದಂತಾಯಿತು.

ಊಟದ ಹೊತ್ತಿಗೆ ಅವಳು ಬೇರೆ ಹೆಂಗಸರ ಜೊತೆ ಕೂತಳು. ಕರೆಯಲಿಲ್ಲ. ಮುನಿರಾಮಯ್ಯ ದಿನವೂ ಬಸ್ಸಿನಲ್ಲಿ ಬರುವಾಗ ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳುತ್ತಿದ್ದ, ಆದರೆ ಅವಳ ಮುಂದೆ ನಿಂತಾಗ ಗೂಡು ಸುರಿದು ಮುಂದಿನ ಬಾಣಲೆಗೆ ಹೋಗಿಬಿಡುತ್ತಿದ್ದ.

ಹೀಗಿರುವಾಗ ಯೂನಿಟ್ಟಿಗೇ ಕಷ್ಟ ಬಂತು. ಚೀನಾದ ರೇಷ್ಮೆ ಬಂದು ಮಾರುಕಟ್ಟೆಯಲ್ಲಿ ನೂಲಿನ ಬೆಲೆ ನೆಲ ಕಚ್ಚಿತು. ಅಕ್ಕಪಕ್ಕದ ಎರಡು ಯೂನಿಟ್ಟುಗಳು ಬಾಗಿಲು ಹಾಕಿದವು. ಒಂದು ಬೆಳಗ್ಗೆ ಸನಾವುಲ್ಲಾ ಸಾಬರು ಎಲ್ಲರನ್ನೂ ಕೂರಿಸಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇಷ್ಟ್ ಜನಕ್ಕೆ ಕೆಲ್ಸ ಕೊಡಾಕೆ ನನ್ ಕೈಲಿ ಆಗ್ತಾ ಇಲ್ಲ ಕಣ್ರಮ್ಮಾ" ಎಂದರು. "ಕೆಲವ್ರನ್ನ ಬಿಡಿಸ್ಬೇಕು. ಕಡೇಲಿ ಸೇರ್ದೋರು ಮೊದ್ಲು ಹೋಗೋದು ನ್ಯಾಯ. ಖಲಂದರ್ ನಮ್ಮನೆ ಹುಡ್ಗ, ಅವ್ನಿಗೆ ನಾನೇ ಹೇಳಿದ್ದೀನಿ. ಮುನಿರಾಮಯ್ಯ, ನೀವೂ..."

ಮುನಿರಾಮಯ್ಯ ತಲೆ ತಗ್ಗಿಸಿದ. ಇದು ತನಗೆ ತಕ್ಕದ್ದೇ ಅನ್ನಿಸಿತು. ಎದ್ದು ಹೋಗಿಬಿಟ್ಟರೆ ಅವಳ ಮುಖ ನೋಡುವುದಾದರೂ ತಪ್ಪುತ್ತದೆ.

ಆಗ ದೊಡ್ಡಲಕ್ಷ್ಮಮ್ಮ ಎದ್ದಳು. "ಸಾಬ್ರೇ, ಒಂದ್ ಮಾತು. ಅವ್ರನ್ನ ಬುಡುಸ್ಬ್ಯಾಡಿ. ಮನೇಲಿ ಮದ್ವೆಗ್ ಬಂದ ಮಗಳವ್ಳೆ. ಖಲಂದರಂಗೆ ಪುಟ್ಟ ಮಕ್ಕಳವ್ರೆ. ಈಗ ಹೊರಕ್ ಹೋದ್ರೆ ಎಲ್ಲೈತೆ ಕೆಲ್ಸ? ನಾವೆಲ್ಲ ವಾರಕ್ಕೆ ಒಂದೊಂದ್ ದಿನದ ಕೆಲ್ಸ ಬುಡ್ತೀವಿ. ನಾನ್ ಬೇಕಾರೆ ಎಲ್ಡ್ ದಿನ ಬುಡ್ತೀನಿ, ನಂದೇನು ಒಂದ್ ಹೊಟ್ಟೆ. ಹಿಂದೆ ಗೂಡು ಸಿಕ್ದೇ ಇದ್ದ ವರ್ಸಾನೂ ಹಂಗೇ ಮಾಡಿದ್ವಲ್ಲ. ಎಲ್ಲಾ ಅರ್ಧ ಹೊಟ್ಟೆ ಉಂಡ್ವಿ, ಯಾರೂ ಸಾಯ್ನಿಲ್ಲ. ನೂಲಿಗೆ ಬೆಲೆ ಬಂದೇ ಬತ್ತದೆ."

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಾರಮ್ಮ ಎಂಬವಳು ಸಣ್ಣಗೆ ಗೊಣಗಿದಳು, ಅವಳ ಮನೆಯಲ್ಲಿ ಕಾಯಿಲೆಯ ಗಂಡ. ಆದರೂ ಕೊನೆಗೆ, "ಆಗ್ಲಿ ಬುಡಕ್ಕ, ಏನ್ ಮಾಡಾಕಾಯ್ತದೆ" ಎಂದಳು.

ಮುನಿರಾಮಯ್ಯನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತ.

"ನನ್ ಪರವಾಗ್ ಮಾತಾಡ್ಬ್ಯಾಡ ಕಣಕ್ಕ" ಎಂದ. "ಎಲ್ಲಾ ಕೇಳುಸ್ಕಳಿ. ಶ್ರಾವಣ ಶನಿವಾರ ಕೆಂಗಲ್ಲಲ್ಲಿ ಈಯಕ್ಕ ಪ್ರಸಾದ ಕೊಡಾಕ್ ಬಂದ್ಳು. ಬೀಗರ ಮುಂದೆ ನಾನು, ನೀನ್ ಯಾರೋ ಗೊತ್ತಿಲ್ಲ ಅಂದ್ಬುಟ್ಟೆ. ಈಯಕ್ಕನ ಮುದ್ದೆ ತಿಂದು ಗೊತ್ತಿಲ್ಲ ಅಂದೆ. ನಿಮ್ಮೆಲ್ಲರ ಜೊತೆ ಕೂರೋದು ನಂಗ್ ಅವಮಾನ ಅನ್ಕಂಡಿದ್ದೆ. ಅಂತಾ ಮನ್ಸ ನಾನು. ತೆಗೆಯೋದಾದ್ರೆ ನನ್ನೇ ತೆಗೀರಿ ಸಾಬ್ರೇ."

ಮಾರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ಮುಖ ಸಿಂಡರಿಸಿದಳು. ಖಲಂದರ್ ನೆಲ ನೋಡಿದ. ಸಾಬರು ಟೋಪಿಯನ್ನು ತಲೆಗಿಟ್ಟುಕೊಂಡು, "ನಾಚ್ಕೆ ನಂಗೂ ಐತೆ ಮುನಿರಾಮಯ್ಯ. ಇಪ್ಪತ್ತು ವರ್ಷ ದುಡಿದೋರ್ಗೆ ಒಂದು ದಿನಾನೂ ಒಳ್ಳೇ ಮಾತಾಡಿಲ್ಲ ನಾನು, ಇವತ್ತು ಅವ್ರೇ ನನ್ ಬಾಗ್ಲು ತೆಗ್ದಿಡ್ತಾ ಅವ್ರೆ" ಎಂದರು. "ನಡೀರಿ, ಕೆಲ್ಸ ನೋಡಿ."

ದೊಡ್ಡಲಕ್ಷ್ಮಮ್ಮ ತನ್ನ ಜಾಗಕ್ಕೆ ಹೋಗಿ ಕೂತಳು.

ಆ ಭಾನುವಾರ ಮುನಿರಾಮಯ್ಯ ಮಾಗಡಿಯ ಬಸ್ಸು ಹಿಡಿದು ಕೆಂಪಾಪುರಕ್ಕೆ ಹೋದ. ತಾನು ಸೂಪರ್‌ವೈಸರ್ ಅಲ್ಲ, ಗೂಡು ಬೇಯಿಸುವವನು, ಅಂದು ಪ್ರಸಾದ ತಂದವಳು ತನ್ನ ಜೊತೆ ಕೆಲಸ ಮಾಡುವವಳು ಎಂದು ಬೋರಲಿಂಗಯ್ಯನಿಗೆ ಹೇಳಿದ. ಬೋರಲಿಂಗಯ್ಯ ಕೆಟ್ಟವನಲ್ಲ, ಕಾಫಿ ಕುಡಿಸಿ, "ಕೆಲ್ಸದ್ದೇನಿಲ್ಲ, ಸುಳ್ಳು ಹೇಳಿದ್ರಲ್ಲ" ಎಂದಷ್ಟೇ ಅಂದ. ವಾರದ ಮೇಲೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು. ಕಾವೇರಮ್ಮ ಒಲೆಯ ಮುಂದೆ ಕೂತು ಅತ್ತಳು. ಪುಷ್ಪಲತ ಅಳಲಿಲ್ಲ. "ಹೋಗ್ಲಿ ಬುಡಪ್ಪ. ಅಲ್ಲಿಗ್ ಹೋಗಿ ದಿನಾ ಮೂಗು ಮುಚ್ಕಳೋದ್ ಕಲೀಬೇಕಿತ್ತು" ಎಂದಳು. ಮುನಿರಾಮಯ್ಯ ನೀಲಿ ಅಂಗಿಯನ್ನು ಚೀಲದಲ್ಲಿ ಒಯ್ಯುವುದನ್ನು ಬಿಟ್ಟ. ಊರಿನವರು ಕೇಳಿದಾಗ ಇದ್ದದ್ದನ್ನು ಹೇಳಿದ. ಕೆಲವರು ಬೆನ್ನ ಹಿಂದೆ ನಕ್ಕರು. ಇಬ್ಬರು ಮಾತ್ರ ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು, "ಅಲ್ಲಿ ನಮ್ಗೂ ಏನಾರ ಸಿಕ್ಕೀತಾ?" ಎಂದು ದನಿ ತಗ್ಗಿಸಿ ಕೇಳಿದರು. ಅವರೂ ಮೂರು ತಿಂಗಳಿಂದ ಬುತ್ತಿ ಕಟ್ಟಿಕೊಂಡು ಸುಮ್ಮನೆ ಊರೂರು ತಿರುಗಿ ಬರುತ್ತಿದ್ದರು.

ಕೆಲಸ ಹಂಚಿಕೊಂಡು ಆ ಮಳೆಗಾಲ ಕಳೆಯಿತು. ಆಯುಧಪೂಜೆಗೆ ಹೆಂಗಸರೇ ರಾಟೆಗಳನ್ನು ತೊಳೆದು ಕುಂಕುಮ ಇಟ್ಟರು. ಸಾಬರು ಎಲ್ಲರಿಗೂ ಒಂದೊಂದು ಸೀರೆ, ಪಂಚೆ ತಂದು, ಒಬ್ಬೊಬ್ಬರ ಹೆಸರೂ ಕರೆದು ತಾವೇ ಕೊಟ್ಟರು. ಕೊಡುವಾಗ ಏನು ಹೇಳಬೇಕೋ ತಿಳಿಯದೆ, "ಚೆನ್ನಾಗಿರಮ್ಮಾ, ಚೆನ್ನಾಗಿರಮ್ಮಾ" ಎಂದೇ ಅಷ್ಟೂ ಜನಕ್ಕೂ ಹೇಳಿದರು. ಹಾರೋಹಳ್ಳಿಯ ವೇದಿಕೆಯ ಮೇಲೆ ಯಾರದೋ ಭಾಷಣ ಕೇಳಿ ಉಬ್ಬಿದ್ದ ಮುನಿರಾಮಯ್ಯನಿಗೆ ಆ ಒಂದು ಮಾತು ಕೇಳಿ ಕಣ್ಣು ತೇವವಾಯಿತು.

ದೀಪಾವಳಿಯ ಹೊತ್ತಿಗೆ ನೂಲಿನ ಬೆಲೆ ಚೇತರಿಸಿತು. ವಾರದ ಆರು ದಿನವೂ ಎಲ್ಲರಿಗೂ ಕೆಲಸ ಬಂತು. ಇನ್ನೆರಡು ತಿಂಗಳಿಗೆ, ಆರ್ಡರು ಮತ್ತೆ ಬರತೊಡಗಿ, ಹಾರೋಹಳ್ಳಿಯ ಕಾರ್ಖಾನೆಯಿಂದ ಮುನಿರಾಮಯ್ಯನಿಗೆ ಕರೆ ಬಂತು. ಖಲಂದರನಿಗೆ ಬರಲಿಲ್ಲ. ಆದರೂ ಖಲಂದರನೇ ಬೇಕರಿಯಿಂದ ಮೈಸೂರುಪಾಕು ತಂದು ಎಲ್ಲರಿಗೂ ಹಂಚಿದ. "ನಾನು ಹೋಗಿ ನಿನ್ ವಿಷ್ಯ ಕೇಳ್ತೀನಿ, ಬುಡಕಿಲ್ಲ" ಎಂದ ಮುನಿರಾಮಯ್ಯ. "ಕೇಳಣ್ಣಾ. ಅಲ್ಲೀಗಂಟ ಇದೈತಲ್ಲ" ಎಂದು ಖಲಂದರ್ ಗೂಡಿನ ಬುಟ್ಟಿ ಎತ್ತಿಕೊಂಡ.

ಕೊನೆಯ ದಿನ ಸಂಜೆ ಎಲ್ಲರೂ ಕೈ ತೊಳೆಯುವಾಗ ಮುನಿರಾಮಯ್ಯ ದೊಡ್ಡಲಕ್ಷ್ಮಮ್ಮನ ಹತ್ತಿರ ಹೋಗಿ ನಿಂತ.

"ಹೊರಟೆ ಕಣಕ್ಕ. ಒಂದ್ಸಲ ಬೈದಾದ್ರೂ ಬುಡು ನನ್ನ."

ಅವಳು ಕೈ ಒರೆಸಿಕೊಳ್ಳುತ್ತಾ ಯೋಚಿಸಿದಳು. ಸುಳ್ಳು ಸಮಾಧಾನ ಹೇಳಿ ಕಳಿಸುವ ಮನಸ್ಸು ಅವಳಿಗಿರಲಿಲ್ಲ.

"ನಿಮ್ ಮ್ಯಾಲೆ ಕ್ವಾಪ ಇಲ್ಲ ನಂಗೆ" ಎಂದಳು. "ಕೆಲ್ಸ ಕಳ್ಕಂಡೋರ ಎದೆ ಹೆಂಗಿರ್ತದೆ ಅಂತ ಕಂಡಿವ್ನಿ. ಆದ್ರೆ ಒಂದ್ ಹೇಳ್ತೀನಿ. ಈ ಕೈ ನೋಡಿ ನಾನು ಯಾವತ್ತೂ ನಾಚ್ಕಂಡಿರ್ನಿಲ್ಲ. ಇಬ್ರು ಮಕ್ಕಳಿಗೆ ಅನ್ನ ಹಾಕಿದ್ ಕೈ. ಆವತ್ತು ದೇವ್ರ ಮುಂದೆ ಮೊದಲ್ನೇ ಸಲ ಸೆರಗಲ್ಲಿ ಬಚ್ಚಿಟ್ಕಂಡೆ. ಮನೇಗ್ ಹೋಗಿ ಅದ್ನ ನೆನುಸ್ಕಂಡು ಅತ್ತೆ. ನೀವು ಗೊತ್ತಿಲ್ಲ ಅಂದಿದ್ದಕ್ಕಲ್ಲ. ನಾನೂ ನಾಚ್ಕಂಡ್ನಲ್ಲ ಅಂತ."

ಮುನಿರಾಮಯ್ಯ ತನ್ನ ಸುಳ್ಳು ತನ್ನೊಬ್ಬನನ್ನೇ ಸುಟ್ಟಿತೆಂದು ಇಷ್ಟು ದಿನ ತಿಳಿದಿದ್ದ. ಅದು ಅವಳ ಕೈಯನ್ನೂ ಸುಟ್ಟಿತ್ತು.

"ಹೋಗ್ ಬನ್ನಿ, ಬಸ್ಸು ತಪ್ಪೋದಾತು" ಎಂದಳು ದೊಡ್ಡಲಕ್ಷ್ಮಮ್ಮ. "ಅಲ್ಲಿ ಮತ್ತೆ ಬಾಗ್ಲು ಹಾಕುದ್ರೆ ಗೇಟ್ ಗೇಟ್ ಸುತ್ತಬ್ಯಾಡಿ. ಸೀದಾ ಇಲ್ಲಿಗ್ ಬನ್ನಿ."

ಅವನು ತಲೆಯಾಡಿಸಿದ. ಅವಳು ಬಾಯ್ತುಂಬ ಅಣ್ಣಾ ಎಂದು ಕರೆಯಲಿಲ್ಲ. ಕರೆಯಲೆಂದು ಕಾಯುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಹೊರಗೆ ಬೀದಿಯಲ್ಲಿ ಹತ್ತಾರು ಯೂನಿಟ್ಟುಗಳಿಂದ ಜನ ಮನೆಗೆ ಹೊರಟಿದ್ದರು. ಮುನಿರಾಮಯ್ಯ ಅವರ ನಡುವೆ ಸೇರಿಕೊಂಡು, ಯಾರಿಂದಲೂ ಹಿಂದೆ ಉಳಿಯದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದ.